ಸಮಾನ ಅಥವಾ ಅದಕ್ಕಿಂತ ಉತ್ತಮ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ, ಬಂದ ಸಾಮಾನನ್ನು ವಾಪಸ್ ಕಳಿಸುವುದು ಎಂದು ಹೇಳಿ ನಗಿಸುತ್ತಿದ್ದೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಉತ್ತರಕ್ಕೆ ಎರಡು ಗಂಟೆ ವಿಮಾನದಲ್ಲಿ ಹೋದರೆ ಸಿಗುವ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ನಾನು ಎಂಜಿನಿಯರು. ಎಂಟು ದಿನ ಗಣಿ, ಆರು ದಿನ ಮನೆ. ಅದಿರು ಹೊರುವ ಬೆಲ್ಟುಗಳಿಗೆ ಬೇಕಾದ ಬಿಡಿಭಾಗಗಳೆಲ್ಲ ನನ್ನ ಕಣ್ಣು ದಾಟಿಯೇ ಒಳಗೆ ಹೋಗಬೇಕು. ನಾವು ಕೇಳುವ ಬೇರಿಂಗ್ ಒಂದು, ಮಾರುವವರು ಎಷ್ಟೋ ಸಲ ಕಳಿಸುವುದು ಇನ್ನೊಂದು. ಜೊತೆಗೆ ಒಂದು ಚೀಟಿ ಬರುತ್ತದೆ: ನೀವು ಕೇಳಿದ್ದು ಸ್ಟಾಕ್ ಇಲ್ಲ, ಕಳಿಸಿರುವುದು ಸಮಾನ ಅಥವಾ ಅದಕ್ಕಿಂತ ಉತ್ತಮ. ಆ ಚೀಟಿ ಕಂಡರೆ ನಾನು ಪೆಟ್ಟಿಗೆಯನ್ನು ಬಿಚ್ಚುವುದೂ ಇಲ್ಲ. ಬೇಡವೆಂಬ ಗುರುತಿಗೆ ಕೆಂಪು ಪಟ್ಟಿ ಕಟ್ಟಿ, ಬಂದ ಲಾರಿಯಲ್ಲೇ ವಾಪಸ್ ಹತ್ತಿಸುತ್ತೇನೆ.

ಹೊಸದಾಗಿ ಸೇರಿದವರಿಗೆ ಇದರ ಮೇಲೆ ಒಂದು ಉಪನ್ಯಾಸವನ್ನೇ ಕೊಡುತ್ತಿದ್ದೆ. ಸಮಾನ ಹೌದೋ ಅಲ್ಲವೋ ಎಂದು ಹೇಳಬೇಕಾದವನು ಕೊಳ್ಳುವವನು. ಮಾರುವವನಿಗೆ ಆ ಮಾತು ಹೇಳುವ ಯೋಗ್ಯತೆಯಿಲ್ಲ, ಅವನಿಗೆ ತನ್ನ ಗೋಡೌನು ಖಾಲಿಯಾದರೆ ಸಾಕು ಎಂದು. ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ನನಗೇ ನನ್ನ ಮೇಲೆ ಗೌರವ ಬರುತ್ತಿತ್ತು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತ ಗಾದೆ ಮಾಡಿದವರು ನನ್ನಂಥವನನ್ನು ನೋಡಿಯೇ ಮಾಡಿರಬೇಕು.

ನನ್ನ ಅಮ್ಮ ನಮ್ಮ ಜೊತೆ ಪರ್ತ್ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿದ್ದರು. ಪರ್ತ್‌ನ ಬೇಸಿಗೆ ಬಂತೆಂದರೆ ಅವರಿಗೆ ಹಬ್ಬ. ಇಂಥ ಬಿಸಿಲು ಮೈಸೂರಿನಲ್ಲಿ ಎಲ್ಲಿತ್ತು ಎನ್ನುತ್ತ ಹಿತ್ತಲ ತುಂಬ ಸಂಡಿಗೆ ಇಡುತ್ತಿದ್ದರು. ಆ ವರ್ಷವೂ ಇಟ್ಟರು. ಮೂರನೆಯ ದಿನ ಒಣಗಿದ್ದನ್ನು ತಿರುವಿ ಹಾಕಲು ಹೋದವರು ಗಿಡಕ್ಕೆ ನೀರು ಬಿಡುವ ಪೈಪಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದರು. ತೊಡೆಯ ಮೂಳೆ ಮುರಿಯಿತು. ಎಪ್ಪತ್ತೆಂಟು ವರ್ಷ, ಅದರ ಮೇಲೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಆಪರೇಷನ್ ಮಾಡಿ ಸರಳು ಹಾಕಿದರು. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು, ಆಮೇಲೆ ಒಂದು ದಿನವೂ ತಪ್ಪದೆ ನಡಿಗೆಯ ಅಭ್ಯಾಸ ಆಗಬೇಕು, ಈ ವಯಸ್ಸಿನಲ್ಲಿ ಅದು ತಡವಾದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಬಚ್ಚಲಿಗೆ ನಾನೇ ನಡ್ಕೊಂಡು ಹೋಗಬಹುದಾ ಅಂತ ಕೇಳು."

ಹೋಗಬಹುದು, ಆರು ವಾರದ ಮೇಲೆ, ಎಂದರು ಡಾಕ್ಟರು. ಅಮ್ಮ ಆ ಆರು ವಾರವನ್ನು ಸೆರಗಿಗೆ ಗಂಟು ಹಾಕಿಕೊಂಡರು. ಮನೆಗೆ ಬಂದ ಮೇಲೆ ಹಾಸಿಗೆಯ ಪಕ್ಕದಲ್ಲೇ ಕಮೋಡ್ ಕುರ್ಚಿ ಬಂತು. ಎತ್ತಿ ಕೂರಿಸುವುದು, ಚೊಕ್ಕ ಮಾಡುವುದು ಎಲ್ಲ ನನ್ನ ಹೆಂಡತಿಯದು. ನಾನು ಕೈ ಹಾಕಲು ಹೋದರೆ ಅಮ್ಮ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು. ಹೋಗುವುದು ಕಡಿಮೆಯಾಗಲೆಂದು ಊಟವನ್ನೇ ಕಡಿಮೆ ಮಾಡಿದರು. ಬೆನ್ನನ್ನು ಸೊಸೆಗೂ ತೋರಿಸುತ್ತಿರಲಿಲ್ಲ. ಒದ್ದೆ ಬಟ್ಟೆ ಇಸಿದುಕೊಂಡು ಹೊದಿಕೆಯೊಳಗೆ ತಾವೇ ಒರೆಸಿಕೊಳ್ಳುತ್ತಿದ್ದರು. ಆರು ವಾರ ತಾನೆ ಎಂದು ನಮಗೆ ಸಮಾಧಾನ ಹೇಳುತ್ತಿದ್ದವರು ಅವರೇ.

ಅಡಿಲೇಡ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಬೆಡ್‌ಫರ್ಡ್ ಪಾರ್ಕ್‌ನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಮಲಗಿದಲ್ಲೇ ಇರುವವರ ಬೆನ್ನು ಹೇಗೆ ಕೊಳೆಯುತ್ತದೆಂದು ಇಪ್ಪತ್ತು ವರ್ಷದಿಂದ ನೋಡುತ್ತಿರುವವಳು. ಅಮ್ಮನ ಕಾಲಿಗಿಂತ ಅವಳಿಗೆ ಅಮ್ಮನ ಚರ್ಮದ ಚಿಂತೆ. ಗಾಳಿ ಹಾಸಿಗೆ ಬೇಕು ಎಂದಳು. ಅದರೊಳಗಿನ ಕೊಳವೆಗಳಿಗೆ ಒಂದು ಪಂಪು ಗಾಳಿ ತುಂಬುತ್ತ ಬಿಡುತ್ತ ಇರುತ್ತದೆ, ಮೈಯ ಭಾರ ಒಂದೇ ಕಡೆ ನಿಲ್ಲುವುದಿಲ್ಲ. ಅದರಲ್ಲಿ ಎರಡು ಜಾತಿ. ಒಂದು ದಪ್ಪನೆಯದು, ಇರುವ ಹಾಸಿಗೆಯನ್ನು ತೆಗೆದು ಅದರ ಜಾಗಕ್ಕೆ ಹಾಕುವುದು. ಇನ್ನೊಂದು ತೆಳ್ಳಗಿನದು, ಇರುವ ಹಾಸಿಗೆಯ ಮೇಲೆ ಹಾಸುವುದು. ಅಕ್ಕ ಮಾಡೆಲ್ ನಂಬರನ್ನು ಬರೆದು ಕಳಿಸಿ, ಕಳಿಸಿದ್ದು ಸಾಲದೆಂದು ಫೋನೂ ಮಾಡಿದಳು.

"ಮೇಲೆ ಹಾಸೋದು ಬೇಡ ಕಣೋ. ಅಮ್ಮನ ಮೈಗೆ ಅದು ತಡೆಯಲ್ಲ. ನಾನು ಬರೆದಿರೋದನ್ನೇ ತರಿಸು."

ಪರ್ತ್‌ನಲ್ಲಿ ಕೇಳಿದ ಕಡೆ ಮೂರು ವಾರ ಕಾಯಬೇಕೆಂದರು. ಬ್ರಿಸ್ಬೇನ್‌ನ ಒಬ್ಬ ಆನ್‌ಲೈನಿನಲ್ಲಿ ಅದೇ ಮಾಡೆಲ್ ತಕ್ಷಣ ಸಿಗುತ್ತದೆಂದು ಹಾಕಿದ್ದ. ತರಿಸಿದೆ.

ನಾನು ಗಣಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಅದು ಬಂತು. ಪೆಟ್ಟಿಗೆಯ ಮೇಲೆ ಚೀಟಿ. ನಂಬರು ಬೇರೆ. ಕೆಳಗೆ, ನಾನು ವರ್ಷಗಟ್ಟಲೆ ಕೆಂಪು ಪಟ್ಟಿ ಕಟ್ಟಿಕೊಂಡು ಬಂದ ಅದೇ ಸಾಲು. ಬಿಚ್ಚಿ ನೋಡಿದರೆ ತೆಳ್ಳಗಿನ ಜಾತಿ, ನಾಲ್ಕು ಮೂಲೆಯಲ್ಲಿ ಹಾಸಿಗೆಗೆ ಕಟ್ಟುವ ಲಾಡಿ. ಹದಿನೇಳು ವರ್ಷದ ನನ್ನ ಮಗಳು ವಾರದ ಕೊನೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿ, ಅವಳ ಇಂಗ್ಲಿಷಿನಲ್ಲಿ ಹೇಳಿದಳು: "ಅಪ್ಪಾ, ದೇ ಕಾಂಟ್ ಜಸ್ಟ್ ಸ್ವಾಪ್ ಇಟ್. ಸೆಂಡ್ ಇಟ್ ಬ್ಯಾಕ್." ಅವಳಿಗೆ ಅದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಕೇಳಿದ್ದು ಬರಲಿಲ್ಲ, ವಾಪಸ್ ಕಳಿಸು. ಈ ದೇಶದಲ್ಲಿ ಹುಟ್ಟಿದವರಿಗೆ ಇದು ನೀರು ಕುಡಿದಷ್ಟು ಸುಲಭ.

ನನಗೂ ಸಿಟ್ಟು ಬಂದಿತ್ತು. ಬ್ರಿಸ್ಬೇನ್ ಗಡಿಯಾರ ನಮಗಿಂತ ಎರಡು ಗಂಟೆ ಮುಂದೆ. ಅವರು ಬಾಗಿಲು ಹಾಕುವ ಮುಂಚೆ ಹಿಡಿಯಬೇಕೆಂದು ತಕ್ಷಣ ಫೋನ್ ಮಾಡಿದೆ. ಅತ್ತಲಿಂದ ಇಂಗ್ಲಿಷಿನಲ್ಲಿ ಒಬ್ಬ ಮಾತಾಡಿದ. ಆರ್ಡರ್ ನಂಬರು ಕೇಳಿದ. ನಾನು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಹೆಂಡತಿಗೆ, "ಆ ಚೀಟಿ ಕೊಡು ಇಲ್ಲಿ" ಎಂದೆ. ಅಷ್ಟೇ. ಅತ್ತಲಿನ ದನಿ ಬದಲಾಯಿತು.

"ಸಾರ್, ಕನ್ನಡದವರಾ?"

ಹೌದು ಎಂದೆ. ಮೈಸೂರು ಎಂದೆ. ಅವನು ಬೆಂಗಳೂರಿನವನು, ಓದಿದ್ದು ಮೈಸೂರಿನಲ್ಲಂತೆ, ನನ್ನ ಕಾಲೇಜಿಗೆ ಎರಡು ಬಸ್‌ಸ್ಟಾಪು ದೂರದಲ್ಲಿ ರೂಮು ಮಾಡಿಕೊಂಡಿದ್ದನಂತೆ. ಬೆಟ್ಟ ಹತ್ತುವ ಮೆಟ್ಟಿಲಿನಿಂದ ಹಿಡಿದು ದೋಸೆ ಹೋಟೆಲಿನ ಕ್ಯೂವರೆಗೆ ಹತ್ತು ನಿಮಿಷ ಮಾತಾಡಿದೆವು. ಗಣಿಯಲ್ಲಿ ಎಂಟು ದಿನ ಕನ್ನಡದ ಒಂದು ಅಕ್ಷರ ಕಿವಿಗೆ ಬೀಳದವನಿಗೆ ಆ ಹತ್ತು ನಿಮಿಷ ಎಂಥದೆಂದು ನಾನು ಯಾರಿಗೂ ವಿವರಿಸಲಾರೆ, ವಿವರಿಸಿದರೆ ನಾಚಿಕೆಯಾಗುತ್ತದೆ. ನಡುವೆ ನಾನೇ ನೆನಪು ಮಾಡಿಕೊಂಡು ಹಾಸಿಗೆಯ ಮಾತು ತೆಗೆದೆ. ಆಗ ನನ್ನ ದನಿಯಲ್ಲಿ ಸಿಟ್ಟು ಹೋಗಿ ಸಂಕೋಚ ಬಂದಿತ್ತು.

"ಅಯ್ಯೋ, ಅದಾ ಸಾರ್. ಅದಕ್ಕಿಂತ ಒಂದು ಕೈ ಮೇಲೇ ಇದು. ನಮ್ಮಮ್ಮನಿಗೂ ಇದನ್ನೇ ಹಾಕಿದ್ದೀನಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ನಿಮಗೆ ಸುಳ್ಳು ಹೇಳ್ತೀನಾ?"

ಅವನ ಅಮ್ಮನ ಹೆಸರು ಬಂದ ಮೇಲೆ ನನಗೆ ಇನ್ನೇನು ಬೇಕಿತ್ತು? ಥ್ಯಾಂಕ್ಸ್ ಹೇಳಿದೆ. ಪರ್ತ್ ಕಡೆ ಬಂದರೆ ಮನೆಗೆ ಊಟಕ್ಕೆ ಬನ್ನಿ ಎಂದೂ ಕರೆದೆ. ಬೇರಿಂಗ್ ಮಾರುವ ಯಾವ ಬಿಳಿಯನೂ ನನ್ನನ್ನು ಇಷ್ಟು ನುಣ್ಣಗೆ ಬೋಳಿಸಿರಲಿಲ್ಲ, ಯಾಕೆಂದರೆ ಅವರಲ್ಲಿ ಯಾರಿಗೂ ನನ್ನ ಭಾಷೆ ಬರುತ್ತಿರಲಿಲ್ಲ.

ಪೆಟ್ಟಿಗೆ ಬಿಚ್ಚಿದ ಸದ್ದು ಕೇಳಿ ಅಮ್ಮ ಒಳಗಿನಿಂದಲೇ ಕೂಗಿದರು, ಅರಿಶಿನ ಕುಂಕುಮ ಇಡದೆ ಹಾಸಬೇಡಿ ಎಂದು. ನಮ್ಮ ಮನೆಯಲ್ಲಿ ಮಿಕ್ಸಿಯಿಂದ ಕಾರಿನವರೆಗೆ ಯಾವ ಹೊಸ ಸಾಮಾನೂ ಕುಂಕುಮ ಕಾಣದೆ ಕೆಲಸ ಶುರು ಮಾಡಿದ್ದಿಲ್ಲ. ಇದು ನಾವು ಕೇಳಿದ ಮಾಡೆಲ್ ಅಲ್ಲಮ್ಮ, ಬೇರೆ ಕಳಿಸಿದ್ದಾರೆ, ಆದರೆ ನಮ್ಮವರೇ, ಒಳ್ಳೆಯದೇ ಅಂತಾರೆ ಎಂದೆ. ಅಮ್ಮ ನಕ್ಕರು. ಪೂಜೆಯಲ್ಲಿ ವಸ್ತ್ರ ಇಲ್ಲದಿದ್ದರೆ ಅಕ್ಷತೆ, ಆಭರಣ ಇಲ್ಲದಿದ್ದರೆ ಅಕ್ಷತೆ, ದೇವರನ್ನೇ ಹಾಗೆ ಒಪ್ಪಿಸುತ್ತೀವಿ, ನನಗೆ ಇದೇನು ಮಹಾ ಎಂದರು. ಹೆಂಡತಿ ತಟ್ಟೆ ತಂದಳು. ಅಮ್ಮ ಕೈ ಚಾಚಿ ಆ ಬೂದು ಬಣ್ಣದ ಹಾಸಿಗೆಯ ಮೂಲೆಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟು ಕಣ್ಣಿಗೆ ಒತ್ತಿಕೊಂಡರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಇನ್ನು ಅವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದಳು. ದೊಡ್ಡ ಲಾಯರು ಬಂದಳು ಎಂದು ನಾನು ಅವಳನ್ನು ತಮಾಷೆ ಮಾಡಿದೆ.

ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಅಕ್ಕನ ವಿಡಿಯೋ ಕಾಲ್ ಬಂತು.

"ಬಂತಾ?"

"ಬಂತು."

"ನಾನು ಹೇಳಿದ್ದೇ ತಾನೆ?"

"ಅದೇ ಅಕ್ಕ."

ಅಮ್ಮನ ಕೋಣೆಗೆ ಹೋಗಿ ಫೋನನ್ನು ಅವರ ಮುಖದ ಕಡೆ ತಿರುಗಿಸಿದೆ; ಹಾಸಿಗೆ ಕಾಣದ ಹಾಗೆ, ಮುಖ ಮಾತ್ರ. ಕೈ ತಾನಾಗಿಯೇ ತಿರುಗಿತು ಎಂದು ಬರೆಯಬೇಕೆನಿಸುತ್ತದೆ. ಸುಳ್ಳು. ನಾನೇ ತಿರುಗಿಸಿದೆ. ಬೇರೆ ಬಂದಿದೆ ಎಂದರೆ ಅಕ್ಕ ಆಗಲೇ ಬ್ರಿಸ್ಬೇನ್‌ಗೆ ಫೋನ್ ಮಾಡುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು, ಬೆಳಿಗ್ಗೆ ನನಗೆ ವಿಮಾನವಿತ್ತು. ಒಂದು ರಗಳೆ ಬೇಡವೆಂದುಕೊಂಡೆ. ಅವಳು ಕೇಳಿದ್ದು ನಿಜವನ್ನು, ನಾನು ಕೊಟ್ಟದ್ದು ಬೇರೆಯದನ್ನು.

ಆ ವಾರ ಗಣಿಯಲ್ಲಿ ಒಂದು ಬೇರಿಂಗ್ ಬಂತು. ಕೇಳಿದ ಕಂಪನಿಯದಲ್ಲ. ಅದೇ ಚೀಟಿ. ನಾನು ಕೆಂಪು ಪಟ್ಟಿ ಕಟ್ಟಿ, ಹೊಸದಾಗಿ ಸೇರಿದ್ದ ಇಬ್ಬರನ್ನು ಕರೆದು ಎಂದಿನ ಉಪನ್ಯಾಸ ಕೊಟ್ಟೆ. ಅದು ಮುಗಿಯುವವರೆಗೆ ನನಗೆ ಅಮ್ಮನ ಹಾಸಿಗೆ ಒಂದು ಸಲವೂ ನೆನಪಾಗಲಿಲ್ಲ. ಈಗ ನೆನೆದರೆ ಅದೇ ಎಲ್ಲಕ್ಕಿಂತ ಹೆಚ್ಚು ಕಹಿ. ಮನಸ್ಸು ಚುಚ್ಚಿತು, ಆದರೂ ಸುಮ್ಮನಾದೆ ಎಂದಿದ್ದರೆ ಕನಿಷ್ಠ ಒಂದು ಮನಸ್ಸು ಇತ್ತೆಂದಾದರೂ ಹೇಳಬಹುದಿತ್ತು.

ಎಂಟು ದಿನದ ಮೇಲೆ ಮನೆಗೆ ಬಂದೆ. ಅಮ್ಮ ಸೊರಗಿದ್ದರು. ಹಾಸಿಗೆ ಹೇಗಿದೆಯಮ್ಮ ಎಂದರೆ ಚೆನ್ನಾಗಿದೆ ಕಣೋ ಎಂದರು. ಪಂಪು ಗುರ್ ಎಂದು ಓಡುತ್ತಿತ್ತು, ದೀಪ ಹಸಿರಿತ್ತು. ಯಂತ್ರ ಓಡುತ್ತಿದ್ದರೆ ಎಂಜಿನಿಯರಿಗೆ ಸಮಾಧಾನ. ಆರು ದಿನ ಇದ್ದು ಮತ್ತೆ ಹೋದೆ. ಮೂರನೆಯ ವಾರ ಆಪರೇಷನ್ ಗಾಯ ನೋಡಲು ಮನೆಗೆ ಬಂದ ನರ್ಸು ಅಮ್ಮನನ್ನು ಪಕ್ಕಕ್ಕೆ ಹೊರಳಿಸಿದಳು. ಅಮ್ಮ ಬೇಡ ಬೇಡ ಎಂದರಂತೆ. ಬಾಲದ ಮೂಳೆಯ ಮೇಲೆ ಒಂದು ರೂಪಾಯಿಯಗಲ ಚರ್ಮ ಕಪ್ಪಾಗಿ ಬಾಯಿ ಬಿಟ್ಟಿತ್ತು. ನರ್ಸು ಹಾಸಿಗೆಯ ಅಂಚನ್ನು ಎತ್ತಿ ಅದರ ದಪ್ಪವನ್ನು ಬೆರಳಲ್ಲಿ ಅಳೆದು, ಇದನ್ನು ಯಾರು ಆರಿಸಿದರು ಎಂದು ನನ್ನ ಹೆಂಡತಿಯನ್ನು ಕೇಳಿದಳು. ಅದೇ ದಿನ ಆಂಬ್ಯುಲೆನ್ಸ್ ಬಂತು.

ನಾನು ಗಣಿಯಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಯಾವಾಗಿಂದ ನೋಯುತ್ತಿತ್ತಮ್ಮ ಎಂದು ಕೇಳಿದೆ. ನಾಲ್ಕನೆಯ ದಿನದಿಂದ ಎಂದರು. ಹೇಳಬಾರದಿತ್ತೇ ಎಂದು ನನ್ನ ದನಿ ಏರಿತು. ಅಮ್ಮ ತಪ್ಪು ಮಾಡಿದ ಮಗುವಿನ ಹಾಗೆ ನನ್ನನ್ನು ನೋಡಿದರು.

"ಪೂಜೆ ಮಾಡಿ ಹಾಸಿದ್ದನ್ನ ಬೇಡ ಅನ್ನಬಾರದು ಅಂತ ಸುಮ್ಮನಿದ್ದೆ. ಅದೂ ಅಲ್ಲದೆ ನಿನಗೆ ಬೇಕಾದವರು ಕೊಟ್ಟಿದ್ದು. ನೀನು ಮತ್ತೆ ಅವರ ಹತ್ತಿರ ಜಗಳ ಆಡೋ ಹಾಗಾಗುತ್ತೆ ಅಂತ."

ನನ್ನ ಮುಜುಗರ ಉಳಿಸಲು ಅವರು ಎರಡು ವಾರ ಆ ನೋವಿನ ಮೇಲೆ ಮಲಗಿದ್ದರು. ಹೊಂದಿಕೊಂಡು ಹೋಗುವುದನ್ನು ನಮ್ಮ ಮನೆಗಳಲ್ಲಿ ದೊಡ್ಡ ಗುಣವೆಂದು ಹೊಗಳಿ ಹೊಗಳಿ ಹೆಂಗಸರ ಮೈಗೆ ಹಾಕಿಬಿಟ್ಟಿದ್ದೇವೆ. ನನಗೆ ಈಗ ಆ ಗುಣ ಕಂಡರೆ ಮೈ ಉರಿಯುತ್ತದೆ. ದೇವರು ಅಕ್ಷತೆಗೆ ಒಪ್ಪಿಕೊಳ್ಳಬಹುದು. ಎಪ್ಪತ್ತೆಂಟು ವರ್ಷದ ಚರ್ಮ ಒಪ್ಪಿಕೊಳ್ಳುವುದಿಲ್ಲ.

ಹುಣ್ಣು ಕಂಡದ್ದಕ್ಕಿಂತ ಒಳಗೆ ದೊಡ್ಡದಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದರು. ಸಕ್ಕರೆಯ ಮೈ, ಒಣಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಡಾಕ್ಟರು ಹೇಳಿದ್ದ ಆರು ವಾರ ಬಂದು ಹೋಯಿತು. ಮೂಳೆ ಚೆನ್ನಾಗಿ ಕೂಡಿಕೊಂಡಿದೆಯೆಂದು ಎಕ್ಸ್‌ರೇ ತೋರಿಸಿ ಹೇಳಿದರು. ಆದರೆ ನಡೆಯಬೇಕಾದರೆ ಮೊದಲು ಕೂರಬೇಕು, ಕೂರಬೇಕಾದರೆ ಆ ಗಾಯದ ಮೇಲೇ ಕೂರಬೇಕು. ಅಭ್ಯಾಸ ಮಾಡಿಸಲು ಬಂದ ಹುಡುಗಿ ಪ್ರತಿ ಸಲವೂ ಹಾಗೆಯೇ ವಾಪಸ್ ಹೋಗುತ್ತಿದ್ದಳು. ಗಾಯ ಒಣಗುವ ಹೊತ್ತಿಗೆ ಅಮ್ಮನ ಕಾಲು ನನ್ನ ಮುಂಗೈಯಷ್ಟಾಗಿತ್ತು. ಎರಡು ಕಡೆ ಹಿಡಿದು ನಿಲ್ಲಿಸಿದರೆ ಮಂಡಿ ಕುಸಿಯುತ್ತಿತ್ತು. ಮೂರು ತಿಂಗಳು ಪ್ರಯತ್ನಪಟ್ಟ ಮೇಲೆ ಡಾಕ್ಟರು ಇನ್ನು ವೀಲ್‌ಚೇರೇ ಎಂದರು. ಅಮ್ಮ ಈ ಸಲ ಏನೂ ಕೇಳು ಎನ್ನಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಮ್ಮ ಆಸ್ಪತ್ರೆ ಸೇರಿದ ವಾರವೇ ನಾನು ಬ್ರಿಸ್ಬೇನ್‌ಗೆ ಫೋನ್ ಮಾಡಿದ್ದೆ. ಅದೇ ದನಿ. ನಾನು ಕನ್ನಡದಲ್ಲಿ ಶುರು ಮಾಡಿದೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಕೊನೆಯವರೆಗೂ ಇಂಗ್ಲಿಷು ಬಿಡಲಿಲ್ಲ. ಕೇಳಿದ್ದು ಇಲ್ಲದಿದ್ದರೆ ಸಮಾನವಾದದ್ದನ್ನು ಕಳಿಸುವ ಹಕ್ಕು ತಮಗಿದೆಯೆಂದು ಷರತ್ತಿನಲ್ಲಿ ಬರೆದಿದೆ ಎಂದ. ಬಿಚ್ಚಿದ ಹಾಸಿಗೆಯನ್ನು ಶುಚಿತ್ವದ ಕಾರಣಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದ. ಫೋಟೋ ಕಳಿಸಿ ಎಂದ. ಕಳಿಸಿದರೆ, ಮೂಲೆಯಲ್ಲಿ ಹಳದಿ ಮತ್ತು ಕೆಂಪು ಕಲೆಯಿದೆ, ಸಾಮಾನು ಕೆಟ್ಟಿದೆ ಎಂದ. ಅದು ಏನೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಅವನ ಮನೆಯ ಫ್ರಿಜ್ಜಿನ ಮೇಲೂ ಅದು ಇದ್ದೇ ಇರುತ್ತದೆ.

ದೂರು ಕೊಡುವ ದಾರಿಯನ್ನು ಮಗಳು ಹುಡುಕಿ ಕೊಟ್ಟಳು. ಗ್ರಾಹಕರ ಅಹವಾಲು ನೋಡುವ ಸರ್ಕಾರಿ ಕಚೇರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ತಾಳ್ಮೆಯ ದನಿ. ಮಾರುವಾಗ ಏನೆಂದು ವರ್ಣಿಸಿದ್ದಾರೋ ಕೊಡುವಾಗ ಅದೇ ಆಗಿರಬೇಕು, ಇದು ಕಾನೂನು ಪ್ರತಿಯೊಬ್ಬ ಗ್ರಾಹಕನಿಗೂ ಕೊಟ್ಟಿರುವ ಭರವಸೆ ಎಂದರು. ಷರತ್ತಿನಲ್ಲಿ ಏನು ಬರೆದುಕೊಂಡರೂ ಅದು ಅಳಿಸುವುದಿಲ್ಲ. ಬೇರೆಯದನ್ನು ಕಳಿಸಬೇಕೆಂದರೆ ಮೊದಲು ಕೇಳಬೇಕು, ಅದು ಏನೆಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಕೇಳದೆ ಕಳಿಸಿದರೆ ಬೇಡವೆನ್ನುವ ಹಕ್ಕು ನಿಮ್ಮದು, ಹಣ ಬೇಕೋ ಸರಿಯಾದ ಸಾಮಾನು ಬೇಕೋ ಆರಿಸುವವರೂ ನೀವೇ. ಮೂಲೆಯ ಆ ಕಲೆಯಿಂದ ಹಾಸಿಗೆ ಬೇರೆ ಜಾತಿಯದಾಗಲಿಲ್ಲ, ಅದು ಬರುವಾಗಲೇ ಬೇರೆ ಜಾತಿಯದು ಎಂದರು. ಎಲ್ಲಿಯೂ ತಡವರಿಸದೆ ಹೇಳಿದರು. ಗಣಿಯಲ್ಲಿ ನಾನು ಕೊಡುವ ಉಪನ್ಯಾಸವೇ. ಅವರು ಜಂಬವಿಲ್ಲದೆ ಕೊಟ್ಟರು.

ನಾನು ಒಂದು ಮಾತು ಕೇಳಿದೆ. ಬಂದ ದಿನವೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಒಪ್ಪಿಕೊಂಡೆ, ಆಗಲೂ ಹಕ್ಕು ಇರುತ್ತದೆಯೇ ಎಂದು. ಅವರು, ಇದು ಕಡಿಮೆ ದರ್ಜೆಯದೆಂದು ಅವನು ಹೇಳಿದ್ದನೇ ಎಂದು ಕೇಳಿದರು. ಇಲ್ಲ, ಇದೇ ಮೇಲು ಎಂದಿದ್ದ ಎಂದೆ. ಹಾಗಾದರೆ ನೀವು ಒಪ್ಪಿದ್ದು ನಿಮಗೆ ಹೇಳಿದ ಸುಳ್ಳನ್ನು, ಅದು ಒಪ್ಪಿಗೆಯ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ದಡ್ಡರ ಮೇಲೆ ಕಾನೂನಿಗೆ ಅಷ್ಟು ಕರುಣೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ದೂರಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಬಂದ ಸಾಮಾನು ಬೇರೆಯೆಂದು ನಿಮಗೆ ಮೊದಲು ತಿಳಿದದ್ದು ಯಾವತ್ತು? ನರ್ಸು ಬಂದ ದಿನ ಎಂದು ಬರೆಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ನಾನು ಪೆಟ್ಟಿಗೆ ಬಂದ ದಿನದ ತಾರೀಕನ್ನೇ ಬರೆದೆ. ಒಂದು ಕಡೆಯಾದರೂ ಕೇಳಿದ್ದನ್ನು ಕೊಡೋಣವೆನಿಸಿತು.

ಎರಡು ಹಾಸಿಗೆಗಳ ವ್ಯತ್ಯಾಸವನ್ನು ತಿಳಿದವರು ಯಾರಾದರೂ ಬರೆದುಕೊಟ್ಟರೆ ಒಳ್ಳೆಯದೆಂದು ಆ ಹೆಂಗಸು ಹೇಳಿದ್ದರು. ನನ್ನ ಮನೆಯಲ್ಲಿ ತಿಳಿದವಳು ಒಬ್ಬಳೇ. ಹುಣ್ಣಿನ ಸುದ್ದಿ ತಿಳಿದಾಗ ಅಕ್ಕ ಪರ್ತ್‌ಗೆ ಬಂದು ಎರಡು ವಾರ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕದಲ್ಲಿದ್ದಳು. ಆಗ ಅವಳ ಸಿಟ್ಟೆಲ್ಲ ಬ್ರಿಸ್ಬೇನ್‌ನವನ ಮೇಲೆ. ನಮಗೆ ತಿಳಿಯದ ಹಾಗೆ ಬದಲಾಯಿಸಿಬಿಟ್ಟ ಎಂದೇ ತಿಳಿದಿದ್ದಳು. ನಿನಗೇನು ಗೊತ್ತಾಗಬೇಕು ಪಾಪ ಎಂದು ನನ್ನನ್ನು ಸಮಾಧಾನವೂ ಮಾಡಿದ್ದಳು. ನಾನು ಸಮಾಧಾನ ಮಾಡಿಸಿಕೊಂಡಿದ್ದೆ. ಈಗ ಅವಳು ಕಾಗದ ಬರೆಯಬೇಕಾದರೆ ಅರ್ಜಿಯನ್ನು ಓದಲೇಬೇಕು. ಕಳಿಸಿದೆ.

ಮೂರನೆಯ ದಿನ ಫೋನ್ ಮಾಡಿದಳು.

"ಬಂದ ದಿನಾನೇ ಗೊತ್ತಿತ್ತಾ ನಿನಗೆ?"

"ಹೌದಕ್ಕ."

"ಅವತ್ತು ಸಂಜೆ ನಾನು ಕೇಳಿದೆ."

"ಹೌದು."

ಅರ್ಜಿಯಲ್ಲಿ ನಾನು ಬರೆದಿದ್ದ ತಾರೀಕನ್ನು ಅವಳು ಗಟ್ಟಿಯಾಗಿ ಓದಿದಳು.

"ಹೇಳಿದ್ದಿದ್ರೆ ಮಾರನೇ ದಿನ ಬೆಳಿಗ್ಗೆ ಫ್ಲೈಟ್ ಹತ್ತಿ ಬರ್ತಿದ್ದೆ ಕಣೋ. ಆ ನಂಬರಿನ ಹಾಸಿಗೆ ನಮ್ಮ ಊರಲ್ಲೇ ಸಿಗ್ತಿತ್ತು."

ಅಷ್ಟು ಹೇಳಿ ಇಟ್ಟಳು. ಒಂದು ಗಂಟೆಯಲ್ಲಿ ಕಾಗದ ಬಂತು. ಆಸ್ಪತ್ರೆಯ ಭಾಷೆಯಲ್ಲಿ, ರೋಗಿಯ ವಯಸ್ಸು, ರೋಗಿಯ ತೂಕ, ರೋಗಿಗೆ ಆದ ಹಾನಿ. ಅಮ್ಮ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅದರ ಜೊತೆ ನನಗೆಂದು ಒಂದು ಸಾಲೂ ಇರಲಿಲ್ಲ. ಮುಂದೆ ಅಮ್ಮ ತನ್ನ ಮನೆಯಲ್ಲೇ ಇರುತ್ತಾರೆಂದು ಅವಳು ನಿರ್ಧಾರ ಮಾಡಿದಳು. ನನ್ನನ್ನು ಕೇಳಲಿಲ್ಲ, ನಾನು ಬೇಡವೆನ್ನಲಿಲ್ಲ.

ದೂರು ಹೋದ ಕೆಲವು ದಿನಕ್ಕೆ ಬ್ರಿಸ್ಬೇನ್‌ನವನು ಹಣ ವಾಪಸ್ ಮಾಡಿದ, ಹಾಸಿಗೆಯನ್ನೂ ಲಾರಿ ಕಳಿಸಿ ಎತ್ತಿಕೊಂಡ. ಆಮೇಲೆ ಒಂದು ಸಲ ಫೋನ್ ಮಾಡಿದ. ಈ ಸಲ ಅವನಿಗೆ ಕನ್ನಡ ಮತ್ತೆ ಬಂದಿತ್ತು.

"ನಮ್ಮವರ ಮೇಲೆ ನಮ್ಮವರೇ ಕಂಪ್ಲೇಂಟ್ ಕೊಟ್ರೆ ಹೇಗೆ ಸಾರ್? ಒಂದು ಮಾತು ಹೇಳಿದ್ರೆ ನಾನೇ ನೋಡ್ಕೊಳ್ತಿದ್ದೆ."

ನಿಮ್ಮಮ್ಮ ಯಾವ ಹಾಸಿಗೆ ಮೇಲೆ ಮಲಗಿದ್ದಾರೆ ಎಂದು ಕೇಳಿದೆ. ಅವನು ಫೋನ್ ಇಟ್ಟ. ಇದನ್ನು ಇಲ್ಲಿನ ಕನ್ನಡದ ಗೆಳೆಯರೊಬ್ಬರ ಮನೆಯ ಬಾರ್ಬೆಕ್ಯೂ ಊಟದಲ್ಲಿ ಹೇಳಿದಾಗ, ಹೋಗಲಿ ಬಿಡಿ, ಪಾಪ ಅವನೂ ಹೊಟ್ಟೆಪಾಡಿಗೆ ಮಾಡುವವನು, ಕೂತು ಮಾತಾಡಿ ಮುಗಿಸಬಹುದಿತ್ತು ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ಅವತ್ತಿನಿಂದ ಆ ಮನೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ.

ಅಮ್ಮ ಈಗ ಅಡಿಲೇಡ್‌ನಲ್ಲಿ, ಪ್ರಾಸ್ಪೆಕ್ಟ್‌ನಲ್ಲಿರುವ ಅಕ್ಕನ ಮನೆಯಲ್ಲಿದ್ದಾರೆ. ಎರಡು ತಿಂಗಳಿಗೊಮ್ಮೆ ನನ್ನ ಆರು ದಿನದಲ್ಲಿ ಮೂರು ದಿನ ಅಲ್ಲಿಗೆ ಹೋಗುತ್ತೇನೆ. ಅಕ್ಕ ಬಡಿಸುತ್ತಾಳೆ, ಹಾಸಿಕೊಡುತ್ತಾಳೆ, ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ. ಅದರಾಚೆ ನಮ್ಮಿಬ್ಬರ ನಡುವೆ ಮಾತಿಲ್ಲ. ನಾನು ಹೇಳಿದ ಸುಳ್ಳನ್ನು ಅವಳು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆ. ಅವಳಿಗೂ ಅದು ಗೊತ್ತಿದೆಯೆಂದು ಕಾಣುತ್ತದೆ.

ಕಳೆದ ಸಲ ಹೋದಾಗ ಮಧ್ಯಾಹ್ನ ಅದೇ ಬೀದಿಯ ಇಬ್ಬರು ಆಂಟಿಯರು ಅಮ್ಮನನ್ನು ನೋಡಲು ಬಂದಿದ್ದರು. ಇಬ್ಬರೂ ಬೆಂಗಳೂರಿನ ಕಡೆಯವರು. ಒಬ್ಬರ ಗಂಡನಿಗೆ ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರಂತೆ. ಅಕ್ಕ ಒಲೆಯ ಹತ್ತಿರ ಕಾಫಿಗೆ ಹಾಲು ಕಾಯಿಸುತ್ತಿದ್ದಳು. ಅಮ್ಮ ವೀಲ್‌ಚೇರಿನಲ್ಲಿ ಕೂತು ನನ್ನನ್ನು ಪರಿಚಯ ಮಾಡಿಸಿದರು.

"ಇವನೇ ನನ್ನ ಮಗ. ಬೇರೆಯವರಾಗಿದ್ರೆ ಹೋಗಲಿ ಅಂತ ಬಿಡ್ತಿದ್ರು. ಇವನು ಬಿಡಲಿಲ್ಲ. ಕಾನೂನು ತೋರಿಸಿ ಅವನ ಕೈಲಿ ಅಷ್ಟೂ ದುಡ್ಡು ಕಕ್ಕಿಸಿದ."

ಅಮ್ಮನ ಮುಖದಲ್ಲಿ ಹೆಮ್ಮೆಯಿತ್ತು, ಬೀಳುವ ಮುಂಚೆ ಇರುತ್ತಿದ್ದ ಹಾಗೆ. ಆಂಟಿಯರು ನನ್ನನ್ನು ಮೆಚ್ಚಿ ನೋಡಿದರು. ಅಕ್ಕ ಹಾಲು ಉಕ್ಕುವ ಮುಂಚೆ ಒಲೆ ಆರಿಸಿ ಲೋಟಗಳಿಗೆ ಬಗ್ಗಿಸಿದಳು. ನನ್ನ ಲೋಟವನ್ನು ನನ್ನ ಮುಂದೆ ಇಟ್ಟು, ನನ್ನ ಮುಖ ನೋಡದೆ ಹೋದಳು.

ಕಾಫಿ ಮುಗಿಯುವ ಮುಂಚೆ ಅಮ್ಮ ಅಕ್ಕನಿಗೆ ಕಣ್ಣಿನಲ್ಲೇ ಬಚ್ಚಲ ಕಡೆ ಸನ್ನೆ ಮಾಡಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಕುರ್ಚಿ ತಿರುಗಿಸುತ್ತ, ನೀನು ಸ್ವಲ್ಪ ಆಚೆ ಇರು ಎಂದಳು. ನಾನು ಎದ್ದು ವರಾಂಡಕ್ಕೆ ಹೋದೆ. ಆಂಟಿಯರೂ ಅರ್ಥ ಮಾಡಿಕೊಂಡು ನನ್ನ ಜೊತೆಗೆ ಬಂದರು. ಗಂಡನಿಗೆ ಲಕ್ವ ಹೊಡೆದಿದ್ದ ಆಂಟಿ ಬ್ಯಾಗಿನಿಂದ ಫೋನ್ ತೆಗೆದು ಒಂದು ಹಾಸಿಗೆಯ ಚಿತ್ರ ತೋರಿಸಿದರು. ನಾಳೆ ಬರುವುದಂತೆ.

"ನಮಗೆ ಇದೆಲ್ಲ ತಿಳಿಯಲ್ಲಪ್ಪ. ನಾಳೆ ನೀನೇ ಬಂದು ಒಂದ್ಸಲ ನೋಡಿ, ಸರಿಯಾದ್ದೇ ಬಂದಿದೆ ಅಂತ ಹೇಳಿಬಿಡು. ನೀನು ಹೇಳಿದ್ರೆ ಧೈರ್ಯ."

ನಾನು ಫೋನನ್ನು ಅವರ ಕೈಗೇ ವಾಪಸ್ ಕೊಟ್ಟೆ. ನನ್ನ ಅಕ್ಕನ್ನ ಕೇಳಿ ಆಂಟಿ ಎಂದೆ. ಯಾಕಪ್ಪ, ನೀನು ನಾಳೇನೂ ಇರ್ತೀಯಲ್ಲ ಎಂದರು ಅವರು. ಅಕ್ಕ ಒಂದು, ಎರಡು, ಮೂರು ಎಂದು ಎಣಿಸುತ್ತ ಅಮ್ಮನನ್ನು ಎತ್ತಲು ನೋಡುವುದು ಕಿಟಕಿಯಿಂದ ಕೇಳುತ್ತಿತ್ತು. ಅವಳು ಮತ್ತೆ ಮೊದಲಿಂದ ಎಣಿಸಿದಳು.